ಒದ್ದೆ ಚಾದರ ತೂಗಿದ ಸಿಸ್ಟರ್

ಕಳೆದ ವರ್ಷ ಶ್ರಾವಣದ ಎರಡನೇ ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಾನು ಕೆಲಸ ಮಾಡುವ ಕಾರ್ಖಾನೆಯಲ್ಲಿ ಚಹಾದ ಬಿಡುವು ಮುಗಿದಿತ್ತು. ಪಂಪಿನ ಬಿಡಿಭಾಗಗಳನ್ನು ಅಳೆದು ನೋಡುವುದು ನನ್ನ ಕೆಲಸ. ಮೇಜಿನ ಮುಂದೆ ನಿಂತು ಕನ್ನಡಕ ಒರೆಸಿಕೊಳ್ಳುತ್ತಿದ್ದಾಗ ಹೆಂಡತಿ ಸುಜಾತಾಳ ಫೋನು ಬಂತು.

"ಲಗೂ ಬರ್ರಿ. ಸಿಂಚು ಕಣ್ಣು ತಗೀವಲ್ಲಳು."

"ಜ್ವರಾ ಏರಿರಬೇಕು. ಹಣಿಗೆ ಒದ್ದಿ ಅರಬಿ ಹಾಕು."

"ಜ್ವರಾ ಇಲ್ಲರೀ! ಮೈ ತಣ್ಣಗದ. ನಾವು ಆಟೋದಾಗ ದವಾಖಾನಿಗೆ ಹೊಂಟೇವಿ, ನೀವು ಅಲ್ಲೇ ಬರ್ರಿ."

ಅಜ್ಜನ ಬಳಗದವರೇ, ನಮ್ಮ ಗದ್ದಿಗೆಗೆ ನಡೆದುಕೊಳ್ಳುವವರೆಲ್ಲ ಓದುವ ಈ ಪತ್ರಿಕೆಗೆ ನಾನು ಬರೆಯುತ್ತಿರುವುದು ಕೃತಜ್ಞತೆ ಹೇಳಲಿಕ್ಕೆ. ಅದನ್ನು ಹೇಳಿಯೇ ಮುಗಿಸುತ್ತೇನೆ. ಆದರೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಲಿ ಎಂದು ಕಾದಿದ್ದರೆ ಈ ಬರಹ ನಿಮ್ಮ ಕೈ ಸೇರುತ್ತಿರಲಿಲ್ಲ.

ಸಿಂಚನಾ ನಮ್ಮ ಒಬ್ಬಳೇ ಮಗಳು. ಆಗ ಏಳು ವರ್ಷ, ಎರಡನೇ ಇಯತ್ತೆ. ಮನೆ ಧಾರವಾಡದ ಮಾಳಮಡ್ಡಿಯಲ್ಲಿ. ನಾನು, ಸುಜಾತಾ, ಸಿಂಚು, ನನ್ನ ತಾಯಿ. ಆ ಶನಿವಾರದಿಂದ ಮಗುವನ್ನು ಹಿತ್ತಲ ಕಡೆಯ ಕೋಣೆಯಲ್ಲಿ ಮಲಗಿಸಿದ್ದರು. "ಅಮ್ಮ ಬಂದಾಳ. ಸಣ್ಣಾಂವ ಇದ್ದಾಗ ನಿನಗ ಆಗಿಲ್ಲ, ಹತ್ತಿರ ಸುಳೀಬ್ಯಾಡ" ಎಂದು ಅವ್ವ ಬಾಗಿಲಿಗೆ ಅಡ್ಡ ನಿಂತಿದ್ದಳು. ಸಿಡುಬಿನಂಥ ಗುಳ್ಳೆಯ ಜ್ವರ ದೊಡ್ಡವರಿಗೆ ಅಂಟಿದರೆ ಕಷ್ಟ ಎಂದು ನನಗೂ ಗೊತ್ತಿತ್ತು. ಒಪ್ಪಿಕೊಂಡೆ. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಮುಚ್ಚಿದ ಬಾಗಿಲ ಹೊರಗೆ ನಿಂತು ಕೂಗಿದೆ.

"ಸಿಂಚೂ, ಹೆಂಗದಿ?"

"ಅಪ್ಪಾ, ನೀರು."

"ಅಜ್ಜಿ ಕೊಡ್ತಾಳವ್ವಾ" ಎಂದೆ. ಬೂಟು ಹಾಕಿಕೊಂಡು ಹೊರಟುಹೋದೆ.

ಆ ಎರಡು ಶಬ್ದ ನನ್ನ ಕಿವಿಯಿಂದ ಇವತ್ತಿಗೂ ಹೋಗಿಲ್ಲ. ಬಾಗಿಲಿಗೆ ಚಿಲಕ ಕೂಡ ಇರಲಿಲ್ಲ. ತಳ್ಳಿದ್ದರೆ ತೆರೆಯುತ್ತಿತ್ತು.

ವಿದ್ಯಾನಗರದಲ್ಲಿ ಧಾರವಾಡಕ್ಕೆ ಹೋಗುವ ಚಿಗರಿ ಬಸ್ಸು ಹತ್ತಿದೆ. ಸೀಟು ಖಾಲಿ ಇದ್ದರೂ ಬಾಗಿಲ ಬಳಿಯೇ ನಿಂತಿದ್ದೆ. ಉಣಕಲ್ ದಾಟಿದ ಮೇಲೆ ಒಬ್ಬ ಮುದುಕ ನನ್ನ ತೋಳು ಹಿಡಿದೆಳೆದ. "ಕೂಡಪಾ. ನೀ ನಿಂತರ ಬಸ್ಸು ಲಗೂ ಮುಟ್ಟತದೇನು?" ಕೂತೆ. ನವಲೂರಿನ ನಿಲ್ದಾಣದಲ್ಲಿ ಮತ್ತೆ ಎದ್ದು ನಿಂತೆ.

ದವಾಖಾನೆಯ ತುರ್ತು ಕೋಣೆಯಲ್ಲಿ ನಾನು ನೋಡಿದ ಮಗುವನ್ನು ಹೇಗೆ ಹೇಳಲಿ? ಕಣ್ಣು ಗುಳಿ ಬಿದ್ದಿದ್ದವು. ತುಟಿ ಒಡೆದು ರಕ್ತ ಕಂದಿತ್ತು. ನಾಲಿಗೆ ಒಣ ತೊಗಟೆಯಂತೆ. ಹೆಸರು ಹಿಡಿದು ಕರೆದರೆ ರೆಪ್ಪೆ ಅಲುಗುತ್ತಿತ್ತು, ಅಷ್ಟೇ. ಪಾಳಿಯಲ್ಲಿದ್ದ ಎಳೆಯ ಡಾಕ್ಟರು ಬೆರಳಿಂದ ರಕ್ತ ತೆಗೆದು ನೋಡಿದರು.

"ಸಕ್ಕರಿ ಬರೋಬ್ಬರಿ ಅದ. ಅಮ್ಮ ಬಂದದ ಅಂದ್ರಿ, ಗುಳ್ಳಿ ಎಲ್ಲಿ ಅವರೀ?"

"ಒಳಗ ಅದಾವ್ರೀ. ಹೊರಗ ಬಿದ್ದಿಲ್ಲ" ಎಂದಳು ಅವ್ವ.

ಡಾಕ್ಟರು ಅಂಗಿ ಎತ್ತಲು ಕೈ ಚಾಚಿದರು. "ಹೆಣ್ಣಮಗಳರೀ!" ಎಂದು ಅವ್ವ ಸೆರಗು ಅಡ್ಡ ಹಿಡಿದಳು. ಅವರು ಕೈ ಹಿಂದಕ್ಕೆ ತೆಗೆದುಕೊಂಡರು! ಏಳು ವರ್ಷದ ಕೂಸು ಎಚ್ಚರ ತಪ್ಪಿ ಬಿದ್ದಿದೆ, ಡಾಕ್ಟರು ಸಂಕೋಚಪಟ್ಟುಕೊಂಡರು. "ಬೇರೆ ಏನಾದ್ರೂ ತೊಂದರೆ ಇತ್ತೇನ್ರಿ?" ಎಂದು ಕೇಳಿದಾಗ ಸುಜಾತಾ ಅವ್ವನ ಮುಖ ನೋಡಿದಳು, ಅವ್ವ ನೆಲ ನೋಡಿದಳು. ಇಬ್ಬರೂ ಇಲ್ಲವೆಂದರು. "ಹೊಟ್ಟಿ ಕೆಟ್ಟು ಮೈಯಾಗಿನ ನೀರು ಕಮ್ಮಿ ಆಗೇದ. ಸಲಾಯಿನ್ ಏರಸೋಣ. ಸಂಜಿಕ ಮನಿಗೆ ಕರಕೊಂಡು ಹೋಗ್ರಿ" ಎಂದು ಚೀಟಿ ಬರೆದು ಡಾಕ್ಟರು ಮುಂದಿನ ಹಾಸಿಗೆಗೆ ಹೋದರು.

ಆ ನೋಟವನ್ನು ನಾನು ಕಂಡಿದ್ದೆ. ನನ್ನ ಮನೆಯಲ್ಲಿ ಏನೋ ನಡೆದಿದೆ, ನನಗೆ ಮಾತ್ರ ಗೊತ್ತಿಲ್ಲ. ಸುಜಾತಾಳನ್ನು ಹೊರಗೆ ಕರೆದು ಕೇಳಿದೆ. ಅತ್ತಳು, ಹೇಳಲಿಲ್ಲ. ಅವ್ವನನ್ನು ಕೇಳಿದೆ. "ಹೆಂಗಸರ ಮಾತು. ನಿನಗ್ಯಾಕ?" ಎಂದಳು.

ಔಷಧಿ ಅಂಗಡಿಯ ಪಕ್ಕದ ಮೆಟ್ಟಿಲ ಮೇಲೆ ಕೂತು ಪಾಕೀಟಿನಿಂದ ನಮ್ಮ ಗದ್ದಿಗೆಯ ಅಜ್ಜನ ಪಟ ತೆಗೆದೆ. ಶಿರಗುಪ್ಪಿ ಸುಜಾತಾಳ ತವರು. ಮದುವೆಯಾದಂದಿನಿಂದ ಆ ಊರ ಹಾದಿಯಲ್ಲಿರುವ ಅಜ್ಜನ ಗದ್ದಿಗೆಗೆ ನಾವು ಅಮವಾಸ್ಯೆ ತಪ್ಪಿಸಿದವರಲ್ಲ. ಅವತ್ತು ನಾನು ಕೈ ಮುಗಿಯಲಿಲ್ಲ, ಹರಕೆ ಹೊರಲಿಲ್ಲ. ಬೈದೆ. "ಇಷ್ಟು ವರ್ಷ ನಿನ್ನ ಬಾಗಿಲಿಗೆ ಬಂದೇನಿ, ನನ್ನ ಮನಿ ಬಾಗಿಲಾಗ ಏನು ನಡದದ ಅಂತ ಹೇಳಲಿಲ್ಲ ನೀ. ಪವಾಡ ಬ್ಯಾಡ ನನಗ. ಕೇಳವ್ರನ್ನ ಕಳಿಸು. ಬಾಯಿ ಬಿಡಿಸಿ ಕೇಳೋ ಒಬ್ಬರನ್ನ ಕಳಿಸು, ಇಲ್ಲಾಂದ್ರ ಇವತ್ತಿಗೆ ನಿನ್ನ ನನ್ನ ಸಂಬಂಧ ಮುಗೀತು." ಹೀಗೇ ಅಂದೆ. ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದವನು ದೂರ ಸರಿದು ನಿಂತ.

ಒಳಗೆ ಹೋದಾಗ ಒಬ್ಬ ಸಿಸ್ಟರ್ ಸಿಂಚುಳ ಹಾಸಿಗೆಯ ಚಾದರ ತೆಗೆಯುತ್ತಿದ್ದರು. ಐವತ್ತರ ಆಸುಪಾಸು, ಕುಂದಗೋಳದ ಕಡೆಯವರು, ಹೆಸರು ಕಸ್ತೂರಿ. ದಾರ ಕಟ್ಟಿದ ಕನ್ನಡಕ ಎದೆಯ ಮೇಲೆ ತೂಗುತ್ತಿತ್ತು. ಬಂದಾಗಿನಿಂದ ಒದ್ದೆಯಾದ ಮೂರನೇ ಚಾದರ ಅದು. ಅದನ್ನು ಅವರು ಬುಟ್ಟಿಗೆ ಹಾಕಲಿಲ್ಲ. ಕೂಸುಗಳನ್ನು ತೂಗುವ ತಕ್ಕಡಿಯ ಮೇಲಿಟ್ಟರು. ಆಮೇಲೆ ಅಂಥದೇ ಒಣ ಚಾದರ ಇಟ್ಟು ತೂಗಿದರು. ಎರಡನ್ನೂ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡರು.

"ಬಾಯಿಲೆ ಒಂದು ಗುಟುಕು ನೀರು ಇಳದಿಲ್ಲ" ಎಂದರು, ಯಾರಿಗೆ ಎಂದಿಲ್ಲದೆ. "ಒಣಗಿದ ಕೂಸು ಉಚ್ಚಿ ತಡದು ಹಿಡೀತದ. ಇದು ಕಾಲುವಿ ಹರದಂಗ ಹೊಯ್ಯಾಕತ್ತದ. ಎಷ್ಟು ದಿನದಿಂದ ಹಿಂಗ ಬಾಯಾರಿಕಿ ಈಕಿಗೆ?"

ನಾನು ಹೇಳಿದೆ. ಮೂರು ತಿಂಗಳಿಂದ ನೀರು, ನೀರು. ರಾತ್ರಿ ಎದ್ದು ಕುಡಿಯುತ್ತಿದ್ದಳು, ಹಾಸಿಗೆ ಒದ್ದೆ ಮಾಡುತ್ತಿದ್ದಳು. "ಉಣಕಲ್ ಕೆರಿ ನಮ್ಮ ಮನ್ಯಾಗ ಬಂತಲ್ಲೋ" ಎಂದು ನಾನೇ ನಗೆಯಾಡಿದ್ದೆ. ಸಂಜೆ ಏಳರ ಮೇಲೆ ನೀರು ಕೊಡಬೇಡಿ ಎಂದು ನಾನೇ ಕಟ್ಟಪ್ಪಣೆ ಮಾಡಿದ್ದೆ. ತಲೆನೋವು ಎಂದಾಗ ಕನ್ನಡಕ ಕೊಡಿಸಿದ್ದೆ. ಹೇಳುತ್ತ ಹೋದ ಹಾಗೆ ಸಿಸ್ಟರ್ ನನ್ನ ಮುಖವನ್ನೇ ನೋಡುತ್ತಿದ್ದರು.

"ಎಲ್ಲಾರೂ ಹೊರಗ ನಡೀರಿ."

"ನಾ ಅಜ್ಜಿರೀ" ಎಂದಳು ಅವ್ವ.

"ಅಜ್ಜಿನೂ ನಡೀರಿ. ಪರದೆ ಎಳೀತೇನಿ, ನಾಟಕದ ಪರದೆ ಅಲ್ಲ, ನಿಂತು ನೋಡಾಕ."

ಸಲಾಯಿನ್ ಇಳಿದು ಸಿಂಚುವಿಗೆ ಸ್ವಲ್ಪ ಎಚ್ಚರ ಬಂದಿತ್ತು. ಪರದೆಯ ಆಚೆ ಸಿಸ್ಟರ್ ಹತ್ತಿಯಿಂದ ತುಟಿ ಒರೆಸುತ್ತ ಮೆಲ್ಲಗೆ ಮಾತಾಡುವುದು ಕೇಳಿಸುತ್ತಿತ್ತು. "ನಿನ್ನೆ ಎಷ್ಟು ಸಲ ನೀರು ಕುಡಿದಿ ಪುಟ್ಟಿ?" ಮಗುವಿನ ದನಿ ಎಳೆಯಷ್ಟೇ ಇತ್ತು. ಆದರೂ ಕೇಳಿಸಿತು.

"ಅಜ್ಜಿ ಕೊಟ್ಟಾಗ. ನಾ ಕೊಡ ಮುಟ್ಟಬಾರದ್ರಿ. ಹೊರಗ ಕುಂತೇನಿ. ಭಾಳ ಸಲ ಕೇಳಿದ್ರ ಅಜ್ಜಿ ಬೈತಾಳ."

ಸಿಸ್ಟರ್ ಪರದೆ ಸರಿಸಿ ಬಂದು ನನ್ನನ್ನು ಗೋಡೆಯ ಕಡೆಗೆ ಕರೆದರು.

"ನಿಮ್ಮ ಮಗಳು ದೊಡ್ಡಾಕಿ ಆಗಿ ನಾಲ್ಕು ತಿಂಗಳಾತಂತ. ನಿಮಗ ಗೊತ್ತದೇನು?"

"ಯಾರು?"

"ನಿಮ್ಮ ಮಗಳ್ರಿ."

"ಆಕಿಗೆ ಏಳು ವರ್ಷ, ಸಿಸ್ಟರ್."

"ಅದಕ್ಕ ಕೇಳಾಕತ್ತೇನಿ."

ಸುಜಾತಾಳ ಬಾಯಿಂದ ಎಲ್ಲ ಹೊರಗೆ ಬಂತು. ಚಳಿಗಾಲದಲ್ಲೇ ಮಗುವಿನ ಎದೆ ಮೂಡತೊಡಗಿತ್ತು. ಸುಜಾತಾ ನನ್ನಿಂದ ಮುಚ್ಚಿಟ್ಟು ಒಬ್ಬ ಲೇಡಿ ಡಾಕ್ಟರಿಗೆ ತೋರಿಸಿದ್ದಳು. ಆಕೆ ಮಗುವನ್ನು ಮುಟ್ಟಿಯೂ ನೋಡದೆ "ಈಗಿನ ಹುಡಿಗ್ಯಾರಿಗೆ ಎಲ್ಲಾ ಲಗೂ, ಬೇಕರಿ ತಿಂಡಿ ಕಮ್ಮಿ ಮಾಡ್ರಿ" ಎಂದು ಕಳಿಸಿದ್ದಳು. ಬೇಸಿಗೆಯಲ್ಲಿ ರಕ್ತ ಕಂಡಾಗ ನಾನು ಕಂಪನಿ ಕೆಲಸಕ್ಕೆ ಕೊಲ್ಹಾಪುರಕ್ಕೆ ಹೋಗಿದ್ದೆ. ಅವ್ವ ಮಗುವನ್ನು ಶಿರಗುಪ್ಪಿಗೆ ಕರೆದೊಯ್ದು, ಬಾಗಿಲು ಹಾಕಿ, ಹಸಿರು ಸೀರೆಯ ತುಂಡು ಸುತ್ತಿ, ಎಳ್ಳು ಬೆಲ್ಲದ ಚಿಗಳಿ ಬಾಯಿಗಿಟ್ಟು ಆರತಿ ಮಾಡಿದ್ದಳು. ಏಳು ತುಂಬದ ಕೂಸಿಗೆ! ಇದು ಮೂರನೇ ಸಲ. ಶ್ರಾವಣ ಸೋಮವಾರ ಮನೆಯಲ್ಲಿ ಪೂಜೆ ಇತ್ತಲ್ಲ, ಅದಕ್ಕೆ ಶನಿವಾರದಿಂದಲೇ ಹಿತ್ತಲ ಕೋಣೆ, ಬೇರೆ ತಂಬಿಗೆ, ಬೇರೆ ಚಾಪೆ. ನನಗೆ ಗುಳ್ಳೆಯ ಜ್ವರದ ಕಥೆ.

ನಮ್ಮದು ಕೊರಳಲ್ಲಿ ಲಿಂಗ ಇರುವ ಮನೆ. ಲಿಂಗ ಕಟ್ಟಿಕೊಂಡವರಿಗೆ ಮುಟ್ಟಿನ ಮೈಲಿಗೆ ಇಲ್ಲ ಎಂದು ಪ್ರವಚನದಲ್ಲಿ ಕೇಳಿ ತಲೆದೂಗುವವರು ನಾವು. ಪ್ರವಚನ ಮುಗಿಸಿ ಮನೆಗೆ ಬಂದು ನೀರಿನ ಕೊಡಕ್ಕೆ ಕಾವಲು ಕೂಡುತ್ತೇವೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟು ಜನರ ಹಿತ್ತಲಲ್ಲಿ ಅಂಥ ಕೋಣೆ ಇದೆ ಎಂದು ನನಗೆ ಗೊತ್ತು. ಬೇಜಾರಾದರೆ ಆಗಲಿ.

ಸಿಸ್ಟರ್ ನಮ್ಮ ಜಗಳಕ್ಕೆ ನಿಲ್ಲಲಿಲ್ಲ. ಪಾಳಿಯ ಡಾಕ್ಟರಿಗೆ ಹೇಳಿದರು. ಅವರು "ನೋಡೋಣ" ಎಂದಾಗ ನೇರವಾಗಿ ಹಿರಿಯ ಡಾಕ್ಟರಿಗೆ ಫೋನು ಮಾಡಿದರು. "ಸರ್, ಏಳು ವರ್ಷದ ಹುಡುಗಿ, ಮುಟ್ಟಾಗೇದ, ತಲಿನೋವದ, ಮೈ ಒಣಗೇದ, ಆದ್ರ ಉಚ್ಚಿ ನಿಂದ್ರವಲ್ದು. ಚಾದರ ತೂಗಿ ಹೇಳಾಕತ್ತೇನಿ. ನೀವು ಬರಬೇಕು." ಅವರು ಬಂದರು. ರಕ್ತದಲ್ಲಿ ಉಪ್ಪಿನ ಅಂಶ ವಿಪರೀತ ಏರಿತ್ತು. ಮಿದುಳಿನ ಸ್ಕ್ಯಾನ್ ಆಯಿತು.

ನಾನು ಬಿ.ಎಸ್ಸಿ. ಓದಿದವನು. ಪಿಟ್ಯುಟರಿ ಗ್ರಂಥಿಯ ಚಿತ್ರ ಬರೆದು, ಭಾಗಗಳಿಗೆ ಹೆಸರು ಕೊಟ್ಟು ಅಂಕ ತೆಗೆದುಕೊಂಡವನು. ಮಗಳು ವರ್ಷದೊಳಗೆ ಗೇಣುದ್ದ ಬೆಳೆದಾಗ "ಕ್ಲಾಸಿನ್ಯಾಗ ನನ್ನ ಮಗಳೇ ಎತ್ತರ" ಎಂದು ಎದೆಯುಬ್ಬಿಸಿಕೊಂಡು ತಿರುಗಿದೆ. ಡಾಕ್ಟರು ಸ್ಕ್ಯಾನಿನ ಹಾಳೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಆ ಗ್ರಂಥಿಯ ಮೇಲ್ಗಡೆ ನೀರು ತುಂಬಿದ ಒಂದು ಗುಳ್ಳೆಯಂಥ ಗಂಟು. ಕ್ಯಾನ್ಸರ್ ಅಲ್ಲ, ಆದರೆ ಸುತ್ತಲಿನದೆಲ್ಲವನ್ನೂ ಒತ್ತುತ್ತಿದೆ. ಮೈ ದೊಡ್ಡದಾಗಲು ಅಪ್ಪಣೆ ಕೊಡುವುದೂ ಮೂತ್ರವನ್ನು ಹಿಡಿತದಲ್ಲಿಡುವುದೂ ಅದೇ ಜಾಗ. ಎರಡೂ ಕೆಟ್ಟಿವೆ. ಇಂಥ ಮಗು ಬಾಯಾರಿದಾಗಲೆಲ್ಲ ಕುಡಿಯುತ್ತ ಹೇಗೋ ಜೀವ ಹಿಡಿದುಕೊಂಡಿರುತ್ತದೆ. ನೀರು ತಪ್ಪಿಸಿದರೆ ಎರಡು ದಿನವೂ ಬೇಕಿಲ್ಲ.

"ಸಂಜಿಕ ಮನಿಗೆ ಒಯ್ದಿದ್ರ?" ಎಂದು ಕೇಳಿದೆ.

ಉಪ್ಪು ಗಬಕ್ಕನೆ ಇಳಿದರೆ ಮಿದುಳಿಗೆ ಬಾವು ಬರುತ್ತದೆ, ನಿಧಾನಕ್ಕೆ ಇಳಿಸಬೇಕು, ತಾಸಿಗೊಮ್ಮೆ ನೋಡಬೇಕು ಎಂದಷ್ಟೇ ಡಾಕ್ಟರು ಹೇಳಿದರು. ಆ ಸಂಜೆಯನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ನಡೆಸಿದ್ದೇನೋ ಲೆಕ್ಕವಿಲ್ಲ. ಆಟೋ ಮಾಳಮಡ್ಡಿಗೆ ತಿರುಗುತ್ತದೆ, ನಾನೇ ಮಗುವನ್ನು ಎತ್ತಿಕೊಂಡು ಇಳಿಯುತ್ತೇನೆ, ನಾನೇ ಅದೇ ಚಾಪೆಯ ಮೇಲೆ ಮಲಗಿಸುತ್ತೇನೆ. ಅಲ್ಲಿಂದ ಮುಂದೆ ಯೋಚಿಸಲಿಕ್ಕೆ ಆಗುವುದಿಲ್ಲ.

ಮರುದಿನ ಮಧ್ಯಾಹ್ನ ವಾರ್ಡಿನ ಹೊರಗೆ ಅವ್ವನ ಮೇಲೆ ಹರಿಹಾಯ್ದೆ. ಅವಳೂ ಬಿಡಲಿಲ್ಲ.

"ಏಳು ವರ್ಷಕ್ಕ ಮುಟ್ಟಾತು ಅಂದ್ರ ಮಂದಿ ಏನಂತಾರ? ನಾಳೆ ಯಾರು ಮಾಡಿಕೋತಾರೋ ಆಕಿನ್ನ? ನಾ ಮುಚ್ಚಿಟ್ಟಿದ್ದು ಆಕಿ ಸಲುವಾಗಿ."

"ನೀರೂ ಮುಚ್ಚಿಟ್ಟಿಯಲ್ಲ ಅವ್ವಾ."

ಅವ್ವ ನನ್ನ ಕಣ್ಣನ್ನೇ ನೋಡಿ ಅಂದಳು: "ಏಳರ ಮ್ಯಾಲೆ ನೀರು ಕೊಡಬ್ಯಾಡ ಅಂತ ಯಾರು ಅಂದಿದ್ರು?"

ನಾನು ಅಲ್ಲಿಂದ ಎದ್ದು ಹೋದೆ. ಇದನ್ನು ಬರೆಯದೆ ಬಿಟ್ಟಿದ್ದರೆ ಗದ್ದಿಗೆಯ ಮುಂದೆ ನಿಲ್ಲುವ ಮುಖ ನನಗಿರುತ್ತಿರಲಿಲ್ಲ.

ಉಪ್ಪು ಹದಕ್ಕೆ ಬರಲು ನಾಲ್ಕು ದಿನ ಹಿಡಿಯಿತು. ಮುಂದಿನ ವಾರ ಶಸ್ತ್ರಚಿಕಿತ್ಸೆ. ತಲೆಯಲ್ಲಿ ಸಣ್ಣ ರಂಧ್ರ ಮಾಡಿ ಆ ಗಂಟಿನ ನೀರಿಗೆ ದಾರಿ ಬಿಟ್ಟರು. ಮಗುವಿನ ಕಣ್ಣು ಉಳಿದವು. ಮೂತ್ರದ ಹಿಡಿತ ಮಾತ್ರ ಹಿಂದಿನಂತೆ ಬರಲಿಲ್ಲ. ಅದಕ್ಕೆ ಮೂಗಿಗೆ ಹಾಕುವ ಹನಿ. ಮೈ ಬೆಳೆಯುವುದನ್ನು ತಡೆಯಲು ತಿಂಗಳಿಗೊಂದು ಇಂಜೆಕ್ಷನ್.

ಮನೆಗೆ ಕಳಿಸುವ ಮೊದಲು ಕಸ್ತೂರಿ ಸಿಸ್ಟರ್ ಮೂರು ದಿನ ನಮಗೆ ಪಾಠ ಮಾಡಿದರು. ಗೆರೆ ಇರುವ ಎರಡು ಮಗ್ಗು: ಒಂದು ಕುಡಿದಿದ್ದಕ್ಕೆ, ಒಂದು ಹೊಯ್ದಿದ್ದಕ್ಕೆ. ಎರಡೂ ಬರೆದಿಡಬೇಕು. ದಿನಾ ಬೆಳಿಗ್ಗೆ ತಿಂಡಿಗೆ ಮೊದಲು, ಅದೇ ತೆಳು ಅಂಗಿಯಲ್ಲಿ ತೂಕ. ಹಿಂದಿನ ಹನಿಯ ಶಕ್ತಿ ತೀರಿ ಮೂತ್ರ ನೀರಿನಂತೆ ಜೋರಾಗಿ ಬಂದ ಮೇಲೆಯೇ ಮುಂದಿನ ಹನಿ. ಬಾಯಾರಿದಾಗ ಕೊಡಬೇಕು, ಹೆದರಿಕೊಂಡು ಒತ್ತಾಯದಿಂದ ಕುಡಿಸಬಾರದು. ಹನಿ ಹಾಕಿದ ಮೇಲೆ ನೀರು ಹೆಚ್ಚಾದರೂ ಅಪಾಯವೇ. ತಲೆನೋವು, ವಾಂತಿ, ಮಂಪರು ಕಂಡರೆ ಮನೆಯಲ್ಲಿ ಕೂಡಬಾರದು.

"ನಾ ಅಳತಿ ಕೆಲಸ ಮಾಡವ್ನ, ಸಿಸ್ಟರ್" ಎಂದೆ, ಸ್ವಲ್ಪ ಹೆಮ್ಮೆಯಿಂದ.

"ಕಬ್ಬಣ ಅಳೀತೀರಿ. ಕಬ್ಬಣ ಅಳಂಗಿಲ್ಲ, ಈಕಿ ಅಳ್ತಾಳ. ಮೊದಲ ಆಕಿನ್ನ ಕೇಳ್ರಿ, ಆಮ್ಯಾಲೆ ಮಗ್ಗು ಹಿಡೀರಿ."

ಸುಜಾತಾಳಿಗೆ ಬೇರೆಯೇ ಹೇಳಿದರು. "ಮೈ ನೋಡಿ ಮಾತಾಡಬ್ಯಾಡ್ರಿ, ವಯಸ್ಸು ನೋಡಿ ಮಾತಾಡ್ರಿ. ಎತ್ತರ ಆಗ್ಯಾಳಂತ ಮನಿ ಕೆಲಸಾ ಹಚ್ಚಬ್ಯಾಡ್ರಿ. ಆಟಾ ಆಡಲಿ. ಯಾರರೆ ಮುಟ್ಟಿದ್ರ, ಏನರೆ ಅಂದ್ರ ಬಂದು ಹೇಳು ಅಂತ ಕಲಸ್ರಿ." ಆಮೇಲೆ ಸಿಂಚುಳ ಹಾಸಿಗೆಯ ಮೇಲೆ ಕೂತು, ಯಾರೂ ಅದುವರೆಗೆ ಅವಳಿಗೆ ಹೇಳದೇ ಇದ್ದದ್ದನ್ನು ಹೇಳಿದರು. "ನೀ ಏನೂ ತಪ್ಪು ಮಾಡಿಲ್ಲ ಪುಟ್ಟಿ. ನಿನ್ನ ಮೈಯಾಗಿನ ಗಡಿಯಾರ ಮುಂದ ಓಡೇದ. ತಿಂಗಳಿಗೊಂದು ಸೂಜಿ ಕೊಟ್ಟು ಅದನ್ನ ನಿಲ್ಲಸ್ತೇವಿ."

"ನನಗ್ಯಾಕರೀ ಸೂಜಿ? ಗಡಿಯಾರಕ್ಕ ಚುಚ್ಚರಿ."

ಇಡೀ ವಾರ್ಡು ನಕ್ಕಿತು. ಅವ್ವ ಬಾಗಿಲಲ್ಲಿ ನಿಂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮರುದಿನ ಸಿಸ್ಟರ್ ಹತ್ತಿರ ಹೋಗಿ, "ಹನಿ ಹಾಕೋದು ನನಗೂ ಕಲಸ್ರಿ" ಎಂದು ಕೇಳಿದ್ದಳಂತೆ. "ಕೈ ನಡಗತದಲ್ಲರೀ ಯವ್ವಾ?" ಎಂದದ್ದಕ್ಕೆ, "ಹನಿ ಹಾಕೋ ಅಷ್ಟೊತ್ತು ಬಿಗಿ ಹಿಡೀತೇನಿ, ನಡಗಂಗಿಲ್ಲ" ಎಂದಳಂತೆ. ಸುಜಾತಾ ಹೇಳಿದ್ದು. ನಾನು ಆಗ ಅವ್ವನ ಜೊತೆ ಮಾತಾಡುತ್ತಿರಲಿಲ್ಲ.

ಚೌತಿಗೆ ಮೂರು ದಿನ ಮುಂಚೆ ಮನೆಗೆ ಬಂದೆವು. ಹಿತ್ತಲ ಕೋಣೆಯ ಬಾಗಿಲನ್ನು ನಾನೇ ಕಿತ್ತು ಹಾಕಿದೆ. ಅವ್ವ ತಡೆಯಲಿಲ್ಲ. ಬಿಡುಗಡೆ ಆಯಿತೆಂದುಕೊಂಡಿದ್ದರೆ ಅದು ತಪ್ಪು. ಹನಿಯ ಪ್ರಮಾಣ ಕೂಡಿಬರಲು ವಾರಗಟ್ಟಲೆ ಹಿಡಿಯಿತು. ಮಗು ಎದ್ದರೆ ನಾವೂ ಎದ್ದು ಅಳೆದು ಬರೆಯಬೇಕು. ಏಳದಿದ್ದರೆ ಮಂಪರೋ ನಿದ್ದೆಯೋ ಎಂದು ಎಬ್ಬಿಸಿ ನೋಡಬೇಕು. ಸುಜಾತಾ, ನಾನು ಸರದಿ ಹಾಕಿಕೊಂಡೆವು. ಇಬ್ಬರಿಗೂ ಸಣ್ಣ ಮಾತಿಗೆ ಕಿಡಿ ಹಾರುತ್ತಿತ್ತು. "ನೀ ಆವತ್ತ ನನಗ ಹೇಳಬೇಕಿತ್ತು" ಎಂದು ನಾನು, "ಹೇಳಿದ್ರ ನೀವು ಕೇಳತಿದ್ರೇನು?" ಎಂದು ಅವಳು.

ಮೊದಲ ಅಮವಾಸ್ಯೆಗೆ ಗದ್ದಿಗೆಗೆ ಹೋದಾಗ ಬೈದದ್ದಕ್ಕೆ ಕ್ಷಮೆ ಕೇಳಬೇಕೆಂದುಕೊಂಡೇ ಹೋಗಿದ್ದೆ. ಕೇಳಲಿಲ್ಲ. ಅಲ್ಲಿ ನಿಂತಾಗ ಒಂದು ತಿಳಿಯಿತು. ಆ ಮೆಟ್ಟಿಲ ಮೇಲೆ ನಾನು ಬೈದ ಬೈಗುಳದೊಳಗೆ ಬೇಡಿದ್ದು ಒಂದೇ: ಕೇಳುವವರನ್ನು ಕಳಿಸು ಎಂದು. ಒಳಗೆ ಕಾಲಿಡುವಷ್ಟರಲ್ಲಿ ಆ ತಾಯಿ ಚಾದರ ತೂಗುತ್ತಿದ್ದರು. ಇದನ್ನು ಕಾಕತಾಳೀಯ ಎನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ. ನನಗೆ ಗೊತ್ತಿದೆ. ಮೊದಲು ನಾನು ಅಜ್ಜನನ್ನು ನಂಬಿದ್ದೆ; ಈಗ ಅಜ್ಜ ನನ್ನ ಸಿಟ್ಟನ್ನೂ ಕೇಳಿಸಿಕೊಳ್ಳುತ್ತಾನೆ ಎಂದು ನಂಬಿದ್ದೇನೆ.

ಆದ್ದರಿಂದ ಸಿಟ್ಟಿನಿಂದಲೇ ನಿಮಗೂ ಹೇಳುತ್ತೇನೆ. ಎಂಟು ತುಂಬುವ ಮೊದಲೇ ಹೆಣ್ಣುಮಗುವಿನ ಎದೆ ಮೂಡಿದರೆ, ಮುಟ್ಟಾದರೆ, ಆರತಿ ತಟ್ಟೆ ಕೆಳಗಿಟ್ಟು ದವಾಖಾನೆಗೆ ಓಡಿ. ಒಬ್ಬ ಡಾಕ್ಟರು ನಕ್ಕು ಕಳಿಸಿದರೆ ಇನ್ನೊಬ್ಬರ ಹತ್ತಿರ ಹೋಗಿ. ಎಲ್ಲರಿಗೂ ಗಂಟೇ ಇರುತ್ತದೆ ಎಂದಲ್ಲ. ನೋಡದೆ ಹೇಳಲಿಕ್ಕೆ ಯಾರಿಂದಲೂ ಆಗುವುದಿಲ್ಲ. ಗಂಡಸರೇ, ಹೆಂಗಸರ ಮಾತು ನಿಮಗ್ಯಾಕೆ ಎಂದರೆ ಹಿಂದೆ ಸರಿಯಬೇಡಿ. ನಾನು ಸರಿದಿದ್ದೆ.

ಸೀಗೀ ಹುಣ್ಣಿಮೆಯ ಮುಂಚಿನ ವಾರ ಡಾಕ್ಟರು ರಾತ್ರಿಯ ಹನಿಯ ಹೊತ್ತನ್ನು ಮತ್ತೊಮ್ಮೆ ಬದಲಿಸಿದರು. ಹುಣ್ಣಿಮೆಯ ಮರುದಿನ, ಬುಧವಾರ. "ಅಕ್ಕಾರ, ಹಾಲು! ಮನ್ಯಾಗ ಅದೀರಿಲ್ಲೋ?" ಎಂದು ಹಾಲಿನಾಕೆ ಬಾಗಿಲು ಬಡಿದಾಗ ಕಣ್ಣು ಬಿಟ್ಟೆ. ಕಿಟಕಿಯ ತುಂಬ ಬಿಸಿಲು. ಪಕ್ಕದಲ್ಲಿ ಸುಜಾತಾ ಆಗಷ್ಟೇ ಎದ್ದು ಕೂತು ನನ್ನ ಮುಖ ನೋಡಿದಳು. ರಾತ್ರಿ ಅವಳು ಎದ್ದಿದ್ದಾಳೆಂದು ನಾನು, ನಾನು ಎದ್ದಿದ್ದೇನೆಂದು ಅವಳು. ಇಬ್ಬರೂ ಬಿದ್ದೆವೋ ಎದ್ದೆವೋ ಎಂದು ನಡುಮನೆಗೆ ಓಡಿದೆವು.

ಸಿಂಚು ಅಡ್ಡಡ್ಡ ಮಲಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಒಂದು ಕಾಲು ಅವ್ವನ ಹೊಟ್ಟೆಯ ಮೇಲಿತ್ತು. ನಾನು ಬಗ್ಗಿ ಭುಜಕ್ಕೆ ಕೈ ಹಾಕಲು ಹೋದೆ.

"ಎಬ್ಬಸಬ್ಯಾಡೋ" ಎಂದಳು ಅವ್ವ ಪಿಸುದನಿಯಲ್ಲಿ. ಯಾವಾಗ ಎಚ್ಚರಾಗಿದ್ದಳೋ, ಕಾಲು ಸರಿದೀತೆಂದು ಅಲುಗದೆ ಮಲಗಿದ್ದಳು. "ಮಂಪರಲ್ಲ, ನಿದ್ದಿ. ಈಗ ತಾಸಿನ ಹಿಂದ ಎಚ್ಚರಾಗಿ ನನ್ನ ಜೋಡಿ ಮಾತಾಡಿದಳು. ಹಾಸಿಗಿ ಒಣಾ ಅದ. ನೀನೂ ಹೋಗಿ ಮಲಕೋ."

ಎಷ್ಟೋ ವಾರಗಳ ಮೇಲೆ ಅವ್ವನಿಗೆ ನಾನು "ಹೂಂ" ಎಂದೆ. ಹಾಲು ತೆಗೆದುಕೊಂಡು ಬಂದು ಒಲೆಯ ಮೇಲಿಟ್ಟೆ. ಅಜ್ಜಾ, ನಿನಗೆ ಶರಣು. ಮನೆಗೆ ಬಂದ ಮೇಲೆ ಮೊದಲ ಸಲ ನಾವು ನಾಲ್ವರೂ ರಾತ್ರಿಯಿಡೀ ಮಲಗಿದ್ದೆವು, ನಾಲ್ವರೂ ಎದ್ದೆವು.